ಬೇಲಿಯವರೆಗಿನ ವೇಗ



ಊರೊಳಗಿನ ಫೈರ್ ಎಂಜಿನ್ ನೀವೆಲ್ಲ ನೋಡಿದ್ದೀರಿ. ಸೈರನ್ ಕೂಗುತ್ತ, ಟ್ರಾಫಿಕ್ಕಿನಲ್ಲಿ ದಾರಿ ಬಿಡಿಸಿಕೊಳ್ಳುತ್ತ ಬರುತ್ತದೆ. ವಿಮಾನ ನಿಲ್ದಾಣದ ಒಳಗೆ ಇರುವುದು ಅದಲ್ಲ. ಅದಕ್ಕಿಂತ ದೊಡ್ಡದು, ಅದಕ್ಕಿಂತ ಭಾರದ್ದು. ಆದರೂ ಅದಕ್ಕಿಂತ ಬೇಗ ಓಡಬಲ್ಲದು. ಅಲ್ಲಿ ಕೆಲಸ ಮಾಡುವವರ ಬಾಯಲ್ಲಿ ಅದು ಸಿಎಫ್‌ಟಿ. ಅಂದರೆ ಕ್ರ್ಯಾಶ್ ಫೈರ್ ಟೆಂಡರ್. ವಿಮಾನಕ್ಕೆ ಅಪಘಾತವಾದಾಗ ಓಡಿ ಹೋಗಲಿಕ್ಕೆಂದೇ ಮಾಡಿದ ವಾಹನ.

ನಮ್ಮ ರಾಜ್ಯದಲ್ಲೂ ಈಗ ವಿಮಾನ ನಿಲ್ದಾಣಗಳು ಹೆಚ್ಚಿವೆ. ಬೆಂಗಳೂರು, ಮಂಗಳೂರು ಮೊದಲಿಂದ ಇದ್ದವು. ಹುಬ್ಬಳ್ಳಿ, ಬೆಳಗಾವಿ, ಮೈಸೂರಿನಲ್ಲಿ ವಿಮಾನಗಳ ಓಡಾಟ ಬೆಳೆದಿದೆ. ಬೀದರ್, ಕಲಬುರಗಿ, ಶಿವಮೊಗ್ಗ ಸೇರಿಕೊಂಡಿವೆ. ಪ್ರಯಾಣಿಕರ ವಿಮಾನ ಇಳಿಯುವ ಕಡೆಯಲ್ಲೆಲ್ಲ ಇಂಥ ವಾಹನ ಇರಲೇಬೇಕು. ಒಂದೊಂದರ ಬೆಲೆಯೂ ಕೆಲವು ಕೋಟಿ ರೂಪಾಯಿ. ಹಳೆಯದನ್ನು ತೆಗೆದು ಇನ್ನೂ ವೇಗದ ಹೊಸದನ್ನು ತರಬೇಕು ಎಂಬ ಮಾತು ಎಲ್ಲ ಕಡೆ ಇದೆ. ಆ ವೇಗ ಎಷ್ಟು, ಏಕೆ, ಮತ್ತು ಎಲ್ಲಿಯವರೆಗೆ? ಇವತ್ತಿನ ಮಾತು ಅಷ್ಟರ ಬಗ್ಗೆ.

ಮೊದಲು ನಿಯಮ ಏನು ಹೇಳುತ್ತದೆ ಎಂದು ನೋಡೋಣ. ಜಗತ್ತಿನ ವಿಮಾನಯಾನಕ್ಕೆಲ್ಲ ಕಟ್ಟಳೆ ಹಾಕುವ ಒಂದು ಸಂಸ್ಥೆ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಐಸಿಎಒ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅದರ ಕಚೇರಿ. ಅದು ಹೇಳುವುದು ಹೀಗೆ. ಅಪಾಯದ ಕರೆ ಬಂದ ಮೂರು ನಿಮಿಷದೊಳಗೆ ಮೊದಲ ವಾಹನ ರನ್‌ವೇಯ ಯಾವ ಜಾಗಕ್ಕಾದರೂ ತಲುಪಬೇಕು. ಎರಡೇ ನಿಮಿಷದಲ್ಲಿ ತಲುಪಿದರೆ ಇನ್ನೂ ಒಳ್ಳೆಯದು. ಬರೀ ತಲುಪಿದರೂ ಸಾಲದು. ನಿಗದಿಯಾದ ಪ್ರಮಾಣದಲ್ಲಿ ಅರ್ಧದಷ್ಟಾದರೂ ನೊರೆ ಚಿಮ್ಮಿಸಲು ಸಿದ್ಧವಾಗಿ ನಿಂತಿರಬೇಕು. ಉಳಿದ ವಾಹನಗಳು ಅದರ ಬೆನ್ನಿಗೇ, ಒಂದು ನಿಮಿಷದ ಅಂತರದಲ್ಲಿ ಬಂದು ಸೇರಬೇಕು.

ಭಾರತದಲ್ಲೂ ಇದೇ ಮೂರು ನಿಮಿಷದ ಲೆಕ್ಕ. ಇಲ್ಲೊಂದು ಸಣ್ಣ ಷರತ್ತು ಇದೆ, ಗಮನಿಸಿ. ನೆಲ ಒಣಗಿರಬೇಕು, ಕಣ್ಣಿಗೆ ದೂರದವರೆಗೆ ಕಾಣುವಂತಿರಬೇಕು. ಅಂಥ ದಿನದ ಲೆಕ್ಕ ಅದು. ಮಂಗಳೂರು ನಿಲ್ದಾಣವಿರುವ ಬಜ್ಪೆಯ ಜುಲೈ ತಿಂಗಳ ಮಳೆಯಲ್ಲಿ ಅಳೆದದ್ದಲ್ಲ.

ಮೂರೇ ನಿಮಿಷ ಏಕೆ? ಐದು ಏಕಿರಬಾರದು? ಇದಕ್ಕೆ ಉತ್ತರ ಬೆಂಕಿಯ ಹತ್ತಿರ ಇದೆ.

ವಿಮಾನದ ಇಂಧನ ನಮ್ಮ ಸೀಮೆಎಣ್ಣೆಯ ಜಾತಿಯದು. ರೆಕ್ಕೆಯೊಳಗಿನ ಟ್ಯಾಂಕುಗಳಲ್ಲಿ ಸಾವಿರಾರು ಲೀಟರ್ ತುಂಬಿರುತ್ತದೆ. ಟ್ಯಾಂಕು ಒಡೆದು ನೆಲಕ್ಕೆ ಚೆಲ್ಲಿ ಹೊತ್ತಿಕೊಂಡರೆ ಶಾಖ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಬಹುಪಾಲು ವಿಮಾನಗಳ ಹೊರಮೈ ಅಲ್ಯೂಮಿನಿಯಂ ತಗಡಿನದು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೇ ಕರಗುತ್ತದೆ. ತಗಡೂ ತೆಳ್ಳಗೆ. ಹೊರಗೆ ಬೆಂಕಿ ಬಿದ್ದ ಸುಮಾರು ಒಂದು ನಿಮಿಷದಲ್ಲಿ ಅದು ತೂತಾಗಬಹುದು. ಈಚಿನ ವಿಮಾನಗಳಲ್ಲಿ ತಗಡಿನ ಒಳಗಡೆ ಶಾಖ ತಡೆಯುವ ಹೊದಿಕೆ ಇರುತ್ತದೆ. ಅದು ಇನ್ನೂ ನಾಲ್ಕು ನಿಮಿಷ ಬೆಂಕಿಯನ್ನು ಹೊರಗೇ ತಡೆಯಬೇಕು ಎಂಬ ನಿಯಮ ಬಂದಿದೆ. ಹಳೆಯ ವಿಮಾನಗಳಲ್ಲಿ ಆ ಭರವಸೆ ಇಲ್ಲ.

ಒಳಗಿದ್ದವರ ಲೆಕ್ಕ ಬೇರೆ ಇದೆ. ಹೊಸ ಮಾದರಿಯ ವಿಮಾನ ಮಾರಾಟಕ್ಕೆ ಬರುವ ಮೊದಲು ಒಂದು ಪರೀಕ್ಷೆ ಪಾಸಾಗಬೇಕು. ಅರ್ಧ ಬಾಗಿಲುಗಳನ್ನು ಮಾತ್ರ ಬಳಸಿ, ಕತ್ತಲಲ್ಲಿ, 90 ಸೆಕೆಂಡಿನೊಳಗೆ ಎಲ್ಲ ಪ್ರಯಾಣಿಕರೂ ಹೊರಗೆ ಬರಬೇಕು. ಕಾಗದದ ಮೇಲೆ ಇದು ಸರಿ. ನಿಜವಾದ ಅಪಘಾತದಲ್ಲಿ ಹಾಗಾಗುವುದಿಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ದೊಡ್ಡ ಏರ್‌ಬಸ್ ಇಳಿಯುವಾಗ ರನ್‌ವೇ ಮೇಲಿದ್ದ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಸಣ್ಣ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ಏರ್‌ಬಸ್ಸಿನಲ್ಲಿದ್ದ 379 ಜನರೂ ಬದುಕಿ ಹೊರಬಂದರು. ಜಗತ್ತೇ ಮೆಚ್ಚಿದ ಶಿಸ್ತು ಅದು. ಅಷ್ಟು ಶಿಸ್ತಿದ್ದರೂ ಕೊನೆಯವರು ಇಳಿಯುವಾಗ ಸುಮಾರು 18 ನಿಮಿಷ ಕಳೆದಿತ್ತು. ಬೆಂಕಿ ಪೂರ್ತಿ ಆರಲು ಎಂಟು ಗಂಟೆಗೂ ಹೆಚ್ಚು ಹಿಡಿಯಿತು.

ಈಗ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ತಗಡು ತಡೆಯುವುದು ಒಂದು ನಿಮಿಷ. ಇಳಿಯಲು ಕೊಟ್ಟದ್ದು ಒಂದೂವರೆ ನಿಮಿಷ. ಅಗ್ನಿಶಾಮಕ ದಳಕ್ಕೆ ಕೊಟ್ಟದ್ದು ಮೂರು ನಿಮಿಷ. ಕೂಡಿಸಿ ನೋಡಿದರೆ ಲೆಕ್ಕ ಸರಿಹೋಗುವುದಿಲ್ಲ. ನಿಯಮ ಮಾಡಿದವರಿಗೂ ಇದು ಗೊತ್ತು. ಅದಕ್ಕೇ ಎರಡು ನಿಮಿಷದ ಗುರಿಯನ್ನೂ ಪಕ್ಕದಲ್ಲಿ ಬರೆದಿದ್ದಾರೆ. ಬೆಂಕಿಯನ್ನು ಪೂರ್ತಿ ಆರಿಸುವುದು ಮೊದಲ ವಾಹನದ ಕೆಲಸವಲ್ಲ. ಬೆಂಕಿಯನ್ನು ವಿಮಾನದ ಮೈಯಿಂದ ದೂರ ಒತ್ತಿಟ್ಟು, ಜನ ಇಳಿದು ಓಡುವ ದಾರಿಯನ್ನು ತೆರೆದಿಡುವುದು ಅದರ ಕೆಲಸ. ಉಳಿದದ್ದು ಆಮೇಲೆ.

ಹಾಗಾಗಿ ಮೂರು ನಿಮಿಷದಲ್ಲಿ ಹತ್ತು ಸೆಕೆಂಡು ಉಳಿದರೂ ಅದು ದೊಡ್ಡದು. ಆ ಹತ್ತು ಸೆಕೆಂಡನ್ನು ಎಲ್ಲಿಂದ ಉಳಿಸುವುದು? ರನ್‌ವೇ ಮೇಲೆ ಓಡುವಾಗ ಎಂದು ನಾವು ಅಂದುಕೊಳ್ಳುತ್ತೇವೆ. ಸಿಬ್ಬಂದಿಯನ್ನು ಕೇಳಿದರೆ ಅವರು ಮೊದಲು ತೋರಿಸುವುದು ಫೈರ್ ಸ್ಟೇಷನ್ನಿನ ಒಳಗೆ.

ಹೇಗಿರುತ್ತದೆ ಅದು? ಎತ್ತರದ ಶೆಡ್ಡು. ಮುಂದೆ ಅಗಲವಾದ ಬಾಗಿಲುಗಳು. ವಾಹನಗಳೆಲ್ಲ ರನ್‌ವೇಯ ಕಡೆಗೆ ಮೂತಿ ಮಾಡಿಯೇ ನಿಂತಿರುತ್ತವೆ. ರಿವರ್ಸ್ ತೆಗೆಯುವ ಪ್ರಶ್ನೆಯೇ ಇಲ್ಲ. ಪ್ರತಿ ವಾಹನಕ್ಕೂ ಒಂದು ವೈರು, ಒಂದು ಗಾಳಿಯ ಪೈಪು ಸಿಕ್ಕಿಸಿರುತ್ತಾರೆ. ವೈರಿನಿಂದ ಬ್ಯಾಟರಿ ತುಂಬಿರುತ್ತದೆ, ಎಂಜಿನ್ನಿನ ನೀರು ಬೆಚ್ಚಗಿರುತ್ತದೆ. ಪೈಪಿನಿಂದ ಬ್ರೇಕಿನ ಗಾಳಿ ಇಳಿಯದೆ ಇರುತ್ತದೆ. ಲಾರಿ ಓಡಿಸುವವರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಏರ್ ತುಂಬುವ ತನಕ ಕಾಯಬೇಕಲ್ಲ, ಆ ಕಾಯುವಿಕೆ ಇಲ್ಲಿ ನಡೆಯದು. ಕೀಲಿ ತಿರುಗಿಸಿದ ಕೂಡಲೇ ವೈರು ಪೈಪು ತಾವಾಗಿಯೇ ಕಳಚಿ ಬೀಳುತ್ತವೆ. ಗಾಡಿ ಹೊರಟೇಬಿಡುತ್ತದೆ.

ಸಿಬ್ಬಂದಿಯ ಬೂಟುಗಳು ವಾಹನದ ಪಕ್ಕದಲ್ಲೇ ಇರುತ್ತವೆ. ಬೂಟಿನ ಮೇಲೆ ಪ್ಯಾಂಟನ್ನು ಮೊದಲೇ ತೊಡಿಸಿ ಮಡಚಿ ಇಳಿಬಿಟ್ಟಿರುತ್ತಾರೆ. ಗಂಟೆ ಹೊಡೆದರೆ ಬೂಟಿಗೆ ಕಾಲು ತೂರಿಸಿ ಪ್ಯಾಂಟನ್ನು ಸೊಂಟಕ್ಕೆ ಎಳೆದುಕೊಂಡರೆ ಆಯಿತು. ಮೇಲೆ ವಾಚ್ ರೂಮಿನಲ್ಲಿ ಒಬ್ಬರು ಹಗಲು ರಾತ್ರಿ ರನ್‌ವೇ ನೋಡುತ್ತ ಕೂತಿರುತ್ತಾರೆ. ಕಂಟ್ರೋಲ್ ಟವರಿನಿಂದ ಕರೆ ಬಂದರೆ ಜಾಗದ ಹೆಸರು ಹೇಳುವುದಿಲ್ಲ, ಚೌಕದ ಗುರುತು ಹೇಳುತ್ತಾರೆ. ಇಡೀ ನಿಲ್ದಾಣದ ನಕ್ಷೆಯನ್ನು ಚೌಕ ಚೌಕವಾಗಿ ಗೆರೆ ಹಾಕಿ, ಪ್ರತಿ ಚೌಕಕ್ಕೂ ಅಕ್ಷರ ಮತ್ತು ಅಂಕಿ ಕೊಟ್ಟಿರುತ್ತಾರೆ. ಅದು ಗ್ರಿಡ್ ಮ್ಯಾಪ್. ಒಂದೇ ನಕ್ಷೆ ಟವರಿನಲ್ಲೂ ಇರುತ್ತದೆ, ವಾಹನದಲ್ಲೂ ಇರುತ್ತದೆ. ಎಲ್ಲಿ, ಯಾವ ಕಡೆ ಎಂದು ಮತ್ತೆ ಕೇಳುವ ಹಾಗಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಸಲ ಪೈಲಟ್ ಮೊದಲೇ ತಿಳಿಸುತ್ತಾರೆ. ಚಕ್ರ ಇಳಿಯುತ್ತಿಲ್ಲ, ಎಂಜಿನ್ ನಿಂತಿದೆ ಎಂದು. ಆಗ ಫುಲ್ ಎಮರ್ಜೆನ್ಸಿ ಘೋಷಿಸುತ್ತಾರೆ. ವಾಹನಗಳು ರನ್‌ವೇ ಪಕ್ಕದಲ್ಲಿ ಮೊದಲೇ ಹೋಗಿ ನಿಲ್ಲುತ್ತವೆ. ಮೂರು ನಿಮಿಷದ ಪ್ರಶ್ನೆ ಬರುವುದು ಮುನ್ಸೂಚನೆ ಇಲ್ಲದ ಅಪಘಾತಗಳಲ್ಲಿ.

ಇಲ್ಲಿಯವರೆಗೆ ಹೇಳಿದ್ದು ಎರಡು ಸಂಗತಿ. ಬೆಂಕಿ ಕೊಡುವ ಹೊತ್ತು ಕಡಿಮೆ. ಆ ಹೊತ್ತಿನ ಮೊದಲ ತುಣುಕು ಸ್ಟೇಷನ್ನಿನೊಳಗೇ ಖರ್ಚಾಗುತ್ತದೆ. ಈಗ ವಾಹನದ ಹತ್ತಿರ ಹೋಗೋಣ.

ಹೊಸ ಕಾಲದ ಒಂದು ಸಿಎಫ್‌ಟಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಆಳೆತ್ತರಕ್ಕೆ ಹತ್ತಿರದ ಆರು ಚಕ್ರ. ಆರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ, ಹುಲ್ಲಿನ ಮೇಲೂ ಕೆಸರಲ್ಲೂ ಓಡಬೇಕಲ್ಲ. ಮುಂದೆ ದೊಡ್ಡ ಗಾಜಿನ ಕ್ಯಾಬಿನ್. ಎಂಜಿನ್ ಹಿಂದೆ, ಸುಮಾರು 700 ಅಶ್ವಶಕ್ತಿಯದು. ಹೊಟ್ಟೆಯಲ್ಲಿ 12,000 ಲೀಟರ್‌ನಷ್ಟು ನೀರು, ಜೊತೆಗೆ ನೊರೆಯ ದ್ರಾವಣ, ಒಣ ಪುಡಿ. ಎಲ್ಲ ಸೇರಿ 30 ಟನ್ನಿಗೂ ಮೇಲೆ. ಆಸ್ಟ್ರಿಯಾದ ರೋಸೆನ್‌ಬಾವರ್ ಕಂಪನಿಯ ಪ್ಯಾಂಥರ್, ಅಮೆರಿಕದ ಆಷ್‌ಕಾಷ್ ಕಂಪನಿಯ ಸ್ಟ್ರೈಕರ್, ಈ ಎರಡು ಹೆಸರು ಈ ಕ್ಷೇತ್ರದಲ್ಲಿ ಹೆಚ್ಚು ಕೇಳಿಬರುತ್ತವೆ.

ಇಂಥ ದೊಡ್ಡ ವಾಹನ ನಿಂತಲ್ಲಿಂದ ಹೊರಟು 40 ಸೆಕೆಂಡಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಬೇಕು, ನೂರಕ್ಕೆ ಕಡಿಮೆಯಿಲ್ಲದ ಗರಿಷ್ಠ ವೇಗ ಇರಬೇಕು ಎಂಬುದು ಐಸಿಎಒ ಕೈಪಿಡಿಯ ಅಳತೆ. ಹೊಸವು 25 ಸೆಕೆಂಡಿನೊಳಗೇ ಎಂಬತ್ತು ಮುಟ್ಟುತ್ತವೆ. ಮುಂದೆ ನೂರಿಪ್ಪತ್ತರವರೆಗೂ ಹೋಗುತ್ತವೆ.

ಇದರಿಂದ ಉಳಿಯುವುದೆಷ್ಟು? ಒಂದು ಸಣ್ಣ ಲೆಕ್ಕ ಹಾಕೋಣ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ನಾಲ್ಕು ಕಿಲೋಮೀಟರ್ ಉದ್ದ. ಅಷ್ಟು ಉದ್ದದ ರನ್‌ವೇಗೆ ಸ್ಟೇಷನ್ ನಡುಮಧ್ಯದಲ್ಲಿದೆ ಎಂದುಕೊಳ್ಳಿ. ತುದಿಗೆ ಎರಡು ಕಿಲೋಮೀಟರ್ ಓಟ. ಹಳೆಯ ಅಳತೆಯ ವಾಹನಕ್ಕೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಹೊಸದಕ್ಕೆ ಒಂದೂಕಾಲು ನಿಮಿಷದಷ್ಟು ಸಾಕು. ಉಳಿದದ್ದು ಇಪ್ಪತ್ತು ಸೆಕೆಂಡಿನ ಆಸುಪಾಸು. ಗಮನಿಸಿ, ಇದರಲ್ಲಿ ಅರ್ಧದ ಹತ್ತಿರ ಉಳಿತಾಯವಾದದ್ದು ಗರಿಷ್ಠ ವೇಗದಿಂದಲ್ಲ, ಹೊರಟ ಕೂಡಲೇ ಸಿಗುವ ಪಿಕಪ್‌ನಿಂದ. ಟೆಂಡರ್ ಕರೆಯುವವರು ಈ ಅಂಕಿಯನ್ನು ಮೊದಲು ನೋಡಬೇಕು. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಗರಿಷ್ಠ ವೇಗ.

ಇಪ್ಪತ್ತು ಸೆಕೆಂಡು ಸಣ್ಣದೇ? ತಗಡು ತಡೆಯುವ ಒಂದು ನಿಮಿಷದಲ್ಲಿ ಅದು ಮೂರನೆಯ ಒಂದು ಪಾಲು.

ತಲುಪಿದ ಮೇಲೆ ಏನಾಗುತ್ತದೆ? ಊರ ಫೈರ್ ಎಂಜಿನ್ ನಿಲ್ಲುತ್ತದೆ, ಪೈಪು ಬಿಡಿಸುತ್ತಾರೆ, ಆಮೇಲೆ ನೀರು. ಇಲ್ಲಿ ಹಾಗಲ್ಲ. ವಾಹನ ಚಲಿಸುತ್ತಿರುವಾಗಲೇ ಚಾವಣಿಯ ಮೇಲಿನ ದೊಡ್ಡ ನಳಿಕೆಯಿಂದ ನೊರೆ ಚಿಮ್ಮುತ್ತದೆ. ಅದನ್ನು ಮಾನಿಟರ್ ಎನ್ನುತ್ತಾರೆ. ಒಳಗೆ ಕೂತವರು ಕೈಯಲ್ಲಿನ ಸಣ್ಣ ಹಿಡಿಕೆಯಿಂದ ಅದನ್ನು ತಿರುಗಿಸುತ್ತಾರೆ. ನಿಮಿಷಕ್ಕೆ 6,000 ಲೀಟರ್ ಚಿಮ್ಮಿಸುವ ಮಾನಿಟರ್‌ಗಳಿವೆ. ಕೆಲವು ವಾಹನಗಳ ತಲೆಯ ಮೇಲೆ ಉದ್ದದ ತೋಳೂ ಇರುತ್ತದೆ. ತುದಿಯಲ್ಲಿ ಚೂಪಾದ ಸೂಜಿ. ವಿಮಾನದ ತಗಡನ್ನು ಚುಚ್ಚಿ ಒಳಗೇ ನೀರು ಸಿಂಪಡಿಸಲು.

ಈಗ ನೀವೇ ಭಾಗಿಸಿ ನೋಡಿ. ಟ್ಯಾಂಕಿನಲ್ಲಿ 12,000 ಲೀಟರ್. ನಿಮಿಷಕ್ಕೆ 6,000 ಹೋಗುತ್ತದೆ. ಪೂರ್ತಿ ಬಿಟ್ಟರೆ ಎರಡೇ ನಿಮಿಷದಲ್ಲಿ ಟ್ಯಾಂಕು ಖಾಲಿ! ಎರಡನೆಯ ವಾಹನ ಹಿಂದೆಯೇ ಬರಬೇಕು ಎಂಬ ನಿಯಮ ಇದಕ್ಕೇ. ವಿಮಾನದ ಉದ್ದ, ಅಗಲ ನೋಡಿ ನಿಲ್ದಾಣಗಳನ್ನು ಒಂದರಿಂದ ಹತ್ತರವರೆಗೆ ವರ್ಗ ಮಾಡಿರುವುದೂ ಇದಕ್ಕೇ. ನಮ್ಮ ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನಕ್ಕೆ ಐದನೆಯ ವರ್ಗದ ಸಿದ್ಧತೆ ಸಾಕು. ಅಲ್ಲಿ ಒಂದು ವಾಹನ, ಐದಾರು ಸಾವಿರ ಲೀಟರ್ ನೀರು. ಬೆಂಗಳೂರಿಗೆ ಬರುವ ಎರಡು ಮಹಡಿಯ ಎ380 ಹತ್ತನೆಯ ವರ್ಗದ್ದು. ಅದಕ್ಕೆ ಮೂರು ವಾಹನ, 32,000 ಲೀಟರ್‌ಗೂ ಮೇಲೆ.

ಈ ನೀರೇ ವೇಗಕ್ಕೆ ಶತ್ರು ಕೂಡ. 12 ಟನ್ ನೀರು ಹೊತ್ತು ತಿರುವಿನಲ್ಲಿ ಓಡುವುದು ಆಟದ ಮಾತಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ. ಅರ್ಧ ಖಾಲಿಯಾದ ಟ್ಯಾಂಕಿನ ನೀರು ತುಳುಕುತ್ತದೆ. ತಿರುವಿನಲ್ಲಿ ಒಂದೇ ಪಕ್ಕಕ್ಕೆ ನುಗ್ಗಿ ಗಾಡಿಯನ್ನೇ ಉರುಳಿಸಬಹುದು. ಅದಕ್ಕಾಗಿ ಟ್ಯಾಂಕಿನೊಳಗೆ ಅಡ್ಡ ಪಟ್ಟಿಗಳನ್ನು ಕೂರಿಸಿರುತ್ತಾರೆ. ಆದರೂ ಚಾಲಕನ ಪಳಗಿದ ಕೈಗೆ ಬದಲಿ ಇಲ್ಲ.

ಈ ವಾಹನಗಳ ಹಿಂದಿನ ಕಥೆ ಎರಡು ಮಾತಿನಲ್ಲಿ. ಹಿಂದೆ ದೊಡ್ಡ ಟೆಂಡರುಗಳು ನಿಧಾನ. ಅದಕ್ಕೆ ಬ್ರಿಟನ್‌ನಲ್ಲಿ 1970ರ ದಶಕದಲ್ಲಿ ರೇಂಜ್ ರೋವರ್ ಕಾರಿಗೆ ಇನ್ನೊಂದು ಜೊತೆ ಚಕ್ರ ಸೇರಿಸಿ, ಸಾವಿರ ಲೀಟರಿಗಿಂತ ಕಡಿಮೆ ನೀರು ಹೊರಿಸಿ ಮುಂದೆ ಓಡಿಸುತ್ತಿದ್ದರು. ಅದು ಹೋಗಿ ಬೆಂಕಿಯನ್ನು ತಡೆದು ಹಿಡಿಯಬೇಕು, ದೊಡ್ಡಣ್ಣ ಹಿಂದಿನಿಂದ ಬಂದು ಆರಿಸಬೇಕು. ಕ್ರಮೇಣ ದೊಡ್ಡಣ್ಣನೇ ತಮ್ಮನಷ್ಟು ಬೇಗ ಓಡಲು ಕಲಿತ. ಈಗ ಬಹಳ ಕಡೆ ಆ ಸಣ್ಣ ವಾಹನ ಉಳಿದಿಲ್ಲ.

ವಾಹನ ಏನು ಮಾಡಬಲ್ಲದು ಎಂದು ಕೇಳಿದಿರಿ. ಬೇಗ ತಲುಪಿದ ಮೇಲೆ ಜನ ಉಳಿದೇ ಉಳಿಯುತ್ತಾರೆಯೇ? ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

2005ರ ಆಗಸ್ಟ್ 2. ಕೆನಡಾದ ಟೊರಾಂಟೊ. ಗುಡುಗು ಮಳೆ. ಏರ್ ಫ್ರಾನ್ಸ್‌ನ ವಿಮಾನ ರನ್‌ವೇ ದಾಟಿ ಮುಂದಿನ ಕೊರಕಲಿಗೆ ನುಗ್ಗಿತು. ಹೊತ್ತಿಕೊಂಡಿತು. ಅಗ್ನಿಶಾಮಕ ದಳ ಒಂದು ನಿಮಿಷಕ್ಕೂ ಮೊದಲೇ ಅಲ್ಲಿತ್ತು. ಒಳಗಿದ್ದ 309 ಜನರೂ ಬದುಕಿದರು. ವಿಮಾನ ಸುಟ್ಟು ಹೋಯಿತು.

1985ರ ಆಗಸ್ಟ್ 22. ಇಂಗ್ಲೆಂಡಿನ ಮ್ಯಾಂಚೆಸ್ಟರ್. ಬೋಯಿಂಗ್ 737 ಮೇಲೇರಲು ಓಡುತ್ತಿತ್ತು. ಎಡ ಎಂಜಿನ್ ಒಡೆಯಿತು. ಅದರ ಚೂರು ರೆಕ್ಕೆಯ ಟ್ಯಾಂಕನ್ನು ತೂತು ಮಾಡಿತು. ದಡ್ ಎಂಬ ಸದ್ದು ಕೇಳಿ ಟೈರು ಒಡೆದಿರಬೇಕು ಎಂದುಕೊಂಡ ಪೈಲಟ್ ಮೆಲ್ಲಗೆ ಬ್ರೇಕ್ ಹಾಕಿ ಪಕ್ಕದ ದಾರಿಗೆ ತಿರುಗಿಸಿ ನಿಲ್ಲಿಸಿದರು. ಗಾಳಿ ಬೆಂಕಿಯನ್ನು ನೇರವಾಗಿ ವಿಮಾನದ ಮೈಗೆ ತಳ್ಳಿತು. ವಿಮಾನ ನಿಂತ ಸುಮಾರು ಅರ್ಧ ನಿಮಿಷದಲ್ಲಿ ಮೊದಲ ಎರಡು ವಾಹನಗಳು ಬಂದಿದ್ದವು. ಅರ್ಧ ನಿಮಿಷ! ಇದಕ್ಕಿಂತ ಬೇಗ ಬರಲು ಯಾರಿಗೂ ಆಗದು. ಆದರೂ 137 ಜನರಲ್ಲಿ 55 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ವಿಷದ ಹೊಗೆ. ಬಾಗಿಲ ಹತ್ತಿರ ಜನ ಸಿಕ್ಕಿಕೊಂಡಿದ್ದರು. ಒಂದು ಬಾಗಿಲು ಮೊದಲಿಗೆ ತೆರೆಯಲೇ ಇಲ್ಲ.

ಇವತ್ತು ನಾವು ಹತ್ತುವ ವಿಮಾನದಲ್ಲಿ ನೆಲದ ಮೇಲೆ ದಾರಿ ತೋರಿಸುವ ದೀಪಗಳ ಸಾಲಿದೆ. ರೆಕ್ಕೆಯ ಬಾಗಿಲ ಹತ್ತಿರ ಹೆಚ್ಚು ಜಾಗ ಬಿಟ್ಟಿದ್ದಾರೆ. ಇಂಥ ಬದಲಾವಣೆಗಳ ಹಿಂದೆ ಮ್ಯಾಂಚೆಸ್ಟರಿನ ಪಾಠ ದೊಡ್ಡದು. ವೇಗ ಬೇಕು, ಆದರೆ ಒಳಗಿನ ಬಾಗಿಲು ತೆರೆಯದಿದ್ದರೆ ಹೊರಗಿನ ವೇಗ ಏನೂ ಮಾಡಲಾರದು.

ವೇಗಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. 2013ರ ಜುಲೈ 6ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ ಕಂಪನಿಯ ವಿಮಾನ ಇಳಿಯುವಾಗ ಸಮುದ್ರದ ತಡೆಗೋಡೆಗೆ ಬಡಿದು ಒಡೆಯಿತು. 307 ಜನರಲ್ಲಿ ಸತ್ತವರು ಮೂವರು. ಹೊರಗೆ ಬಿದ್ದಿದ್ದ ಒಬ್ಬ ಹುಡುಗಿಯನ್ನು ನೊರೆ ಮುಚ್ಚಿತ್ತು. ಬೆಂಕಿ ಆರಿಸಲು ಬಂದ ವಾಹನಗಳು ಅವಳ ಮೇಲೆ ಹರಿದವು.

ಮತ್ತೊಂದು ಪೆರು ದೇಶದ ಲಿಮಾದ್ದು. 2022ರ ನವೆಂಬರ್ 18. ಎಷ್ಟು ಹೊತ್ತಿನಲ್ಲಿ ತಲುಪುತ್ತೇವೆ ಎಂದು ಅಳೆಯಲು ಅಗ್ನಿಶಾಮಕ ದಳ ಅಣಕು ಕಾರ್ಯಾಚರಣೆ ನಡೆಸುತ್ತಿತ್ತು. ಅದೇ ಮೂರು ನಿಮಿಷದ ಪರೀಕ್ಷೆ. ವಾಹನಗಳು ರನ್‌ವೇಗೆ ನುಗ್ಗಿದವು. ಅದೇ ರನ್‌ವೇ ಮೇಲೆ ಲ್ಯಾಟಮ್ ಕಂಪನಿಯ ವಿಮಾನ ಮೇಲೇರಲು ಓಡಿ ಬರುತ್ತಿತ್ತು. ಡಿಕ್ಕಿಯಾಯಿತು. ವಿಮಾನದಲ್ಲಿದ್ದ ನೂರಕ್ಕೂ ಹೆಚ್ಚು ಜನ ಉಳಿದರು. ವಾಹನದಲ್ಲಿದ್ದ ಇಬ್ಬರು ಅಲ್ಲೇ ಸತ್ತರು, ಮೂರನೆಯವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಗಡಿಯಾರ ನೋಡಿಕೊಂಡು ಓಡುವ ದಳಕ್ಕೆ ಟವರಿನ ಅನುಮತಿ ಒಂದು ಮಾತಿನ ಕೆಲಸ. ಆ ಒಂದು ಮಾತು ಸರಿಯಾಗಿ ಆಗಬೇಕು.

ಇದೇ ಕೆಲಸದಲ್ಲಿ ಪ್ರಾಣ ಕೊಟ್ಟವರನ್ನೂ ನೆನೆಯಬೇಕು. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೊರಟ ಎಮಿರೇಟ್ಸ್ ವಿಮಾನ ದುಬೈಯಲ್ಲಿ ರನ್‌ವೇ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗಿ ಹೊತ್ತಿಕೊಂಡಿತು. ಒಳಗಿದ್ದ 300 ಜನರೂ ಪಾರಾದರು. ಟ್ಯಾಂಕು ಸಿಡಿದು ಒಬ್ಬ ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಇಲ್ಲಿಯವರೆಗಿನ ಘಟನೆಗಳಲ್ಲಿ ಒಂದು ಸಾಮ್ಯ ಇದೆ. ಎಲ್ಲವೂ ನಿಲ್ದಾಣದ ಆವರಣದೊಳಗೆ, ವಾಹನ ನೇರ ಓಡಿ ಮುಟ್ಟಬಹುದಾದ ಜಾಗದಲ್ಲಿ ನಡೆದವು. ಈಗ ನಮ್ಮ ದೇಶಕ್ಕೆ, ನಮ್ಮ ರಾಜ್ಯಕ್ಕೆ ಬರುತ್ತೇನೆ.

1990ರ ಫೆಬ್ರುವರಿ 14. ಬೆಂಗಳೂರಿನ ಹಿರಿಯರಿಗೆ ನೆನಪಿರುತ್ತದೆ. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪಲಿಲ್ಲ. ಅದಕ್ಕೆ ಸುಮಾರು 700 ಮೀಟರ್ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ಪುಟಿದು, ಏರಿಗೆ ಗುದ್ದಿ ಹೊತ್ತಿಕೊಂಡಿತು. 146 ಜನರಲ್ಲಿ 92 ಜನ ಸತ್ತರು. ಹಗಲು ಹೊತ್ತು, ತಿಳಿ ಆಕಾಶ. ರನ್‌ವೇ ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಬೇಲಿಯ ಆಚೆ.

2010ರ ಮೇ 22. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ ಆರರ ಹೊತ್ತಿಗೆ ಮಂಗಳೂರಿನಲ್ಲಿ ಇಳಿಯಿತು. ಗುಡ್ಡದ ತಲೆ ಸವರಿ ಮಾಡಿದ ನಿಲ್ದಾಣ ಅದು. ರನ್‌ವೇ ಮುಗಿದಲ್ಲಿ ಕಣಿವೆ. ವಿಮಾನ ನಿಲ್ಲಲಿಲ್ಲ. ಕೆಂಜಾರಿನ ಕಡೆಯ ಕಮರಿಗೆ ಬಿದ್ದು ಉರಿಯಿತು. 166 ಜನರಲ್ಲಿ ಉಳಿದವರು ಎಂಟೇ ಜನ. ರನ್‌ವೇ ತುದಿಯವರೆಗೆ ಓಡುವುದು ಸಿಎಫ್‌ಟಿಗೆ ಕಷ್ಟವಲ್ಲ. ಆ ತುದಿಯಿಂದ ಕೆಳಗೆ ಇಳಿಯುವ ದಾರಿ ಎಲ್ಲಿದೆ? ಸುತ್ತಲಿನ ಊರಿನ ಇಕ್ಕಟ್ಟಾದ, ಸುತ್ತುಬಳಸಿನ ರಸ್ತೆಯಲ್ಲಿ. 30 ಟನ್ನಿನ ವಾಹನಕ್ಕೆ ಅಲ್ಲಿ 700 ಅಶ್ವಶಕ್ತಿಯೂ ಒಂದೇ, 70 ಆದರೂ ಒಂದೇ. ಗುಡ್ಡ ಇಳಿದು ಗಾಯಾಳುಗಳತ್ತ ಮೊದಲು ಓಡಿ ಬಂದವರು ಸುತ್ತಲಿನ ಮನೆಗಳ ಜನ.

ಕೇರಳದ ಕೋಯಿಕ್ಕೋಡಿನದೂ ಇಂಥದೇ ಗುಡ್ಡದ ತಲೆಯ ನಿಲ್ದಾಣ. 2020ರ ಆಗಸ್ಟ್ 7ರ ಮಳೆಯ ರಾತ್ರಿ ಅಲ್ಲೂ ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದು ಮೂರು ತುಂಡಾಯಿತು. 21 ಜನ ಸತ್ತರು. ಅದೃಷ್ಟಕ್ಕೆ ಬೆಂಕಿ ಹೊತ್ತಲಿಲ್ಲ. ಅಲ್ಲೂ ಗಾಯಾಳುಗಳನ್ನು ಕಾರು ಆಟೊಗಳಲ್ಲಿ ಆಸ್ಪತ್ರೆಗೆ ಸಾಗಿಸಿದವರು ಊರಿನವರು.

ಇನ್ನು 2025ರ ಜೂನ್ 12, ಅಹಮದಾಬಾದ್. ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೇರಿದ ಕೂಡಲೇ ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ ಮೇಲೆ ಬಿತ್ತು. ಒಟ್ಟು 260 ಜನರ ಸಾವು. ತನಿಖೆಯ ಪ್ರಾಥಮಿಕ ವರದಿಯಲ್ಲಿ ಸೆಕೆಂಡು ಸೆಕೆಂಡಿನ ದಾಖಲೆ ಇದೆ. ವಿಮಾನ ಬಿದ್ದ ಸುಮಾರು ಐದೂವರೆ ನಿಮಿಷಕ್ಕೆ ಕ್ರ್ಯಾಶ್ ಫೈರ್ ಟೆಂಡರ್ ನಿಲ್ದಾಣದ ಆವರಣದಿಂದ ಹೊರಗೆ ಹೊರಟಿತು. ಅದು ತಲುಪಿದ ಹೊತ್ತಲ್ಲ, ಹೊರಟ ಹೊತ್ತು. ಅಂಥ ಅಪಘಾತದಲ್ಲಿ ಎರಡು ನಿಮಿಷ ಮೊದಲೇ ಬಂದಿದ್ದರೂ ಬದುಕುವವರು ಹೆಚ್ಚುತ್ತಿರಲಿಲ್ಲವೇನೋ. ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಮೂರು ನಿಮಿಷದ ನಿಯಮ ರನ್‌ವೇಗೆ ಮಾತ್ರ. ಬೇಲಿಯಾಚೆಗೆ ಅಂಥ ಗಡಿಯಾರ ಯಾರೂ ಇಟ್ಟಿಲ್ಲ.

ಗಡಿಯಾರ ಇಲ್ಲದಿದ್ದರೂ ಒಂದು ಸಲಹೆ ಇದೆ. ರನ್‌ವೇ ತುದಿಯಿಂದ 1,000 ಮೀಟರ್‌ವರೆಗೆ ತುರ್ತು ವಾಹನ ಹೋಗುವ ದಾರಿ ಇರಲಿ ಎಂದು ಐಸಿಎಒ ಹೇಳುತ್ತದೆ. ಜೊತೆಗೆ, ನೆಲ ಅನುಕೂಲವಿದ್ದರೆ, ಕಡೆಗೆ ಆವರಣದ ಒಳಗಾದರೂ, ಎಂಬ ರಿಯಾಯಿತಿಯನ್ನೂ ಕೊಡುತ್ತದೆ. ಬೆಂಗಳೂರಿನ ಆ ಗಾಲ್ಫ್ ಮೈದಾನ ಈ ಸಾವಿರ ಮೀಟರಿನ ಒಳಗೇ ಇತ್ತು. ಮಂಗಳೂರಿನ ಕಮರಿಯೂ ರನ್‌ವೇ ತುದಿಗೆ ಅಂಟಿಕೊಂಡೇ ಇತ್ತು. ರಿಯಾಯಿತಿಯ ಮಾತು ಎಷ್ಟು ದುಬಾರಿ ಎಂದು ತಿಳಿಯಲು ದೂರ ಹೋಗಬೇಕಿಲ್ಲ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವೇಗದ ವಾಹನ ಬೇಕು. ಅದರಲ್ಲಿ ಎರಡು ಮಾತಿಲ್ಲ. ಹಳೆಯದನ್ನು ತಳ್ಳುತ್ತ ಕೂರುವುದು ಮಿತವ್ಯಯವಲ್ಲ. ಆದರೆ ಹೊಸ ವಾಹನ ಬಂದ ದಿನ ಏನಾಗುತ್ತದೆ ನೋಡಿ. ಹೂವಿನ ಹಾರ, ಅರಿಶಿನ ಕುಂಕುಮ, ಚಕ್ರದಡಿ ನಿಂಬೆಹಣ್ಣು, ಪತ್ರಿಕೆಗೆ ಫೋಟೊ. ಬೇಲಿಯ ಒಂದು ಗೇಟಿಗೆ ಯಾರೂ ಹಾರ ಹಾಕುವುದಿಲ್ಲ. ಗೇಟಿನಾಚೆಯ ಒಂದು ಕಿಲೋಮೀಟರ್ ರಸ್ತೆಯನ್ನು ಅಗಲ ಮಾಡಿದರೆ ಸುದ್ದಿಯಾಗುವುದಿಲ್ಲ. ಆ ರಸ್ತೆ ನಿಲ್ದಾಣದವರದೂ ಅಲ್ಲ. ಪಂಚಾಯಿತಿಯದ್ದು, ಇಲ್ಲವೇ ಪಾಲಿಕೆಯದ್ದು, ಲೋಕೋಪಯೋಗಿ ಇಲಾಖೆಯದ್ದು. ಕಡತ ಮೂರು ಕಚೇರಿ ಸುತ್ತುತ್ತದೆ. ಕೋಟಿಗಳ ವಾಹನ ಬೇಲಿಯವರೆಗೆ ಒಂದೂಕಾಲು ನಿಮಿಷದಲ್ಲಿ ಬಂದು ಅಲ್ಲಿ ನಿಂತುಬಿಟ್ಟರೆ ಕೊಟ್ಟ ಹಣದಲ್ಲಿ ಅರ್ಧ ನೀರಿಗೆ ಹಾಕಿದಂತೆ.

ವಾಹನ ಕೊಳ್ಳುವ ಪ್ರತಿ ಪ್ರಸ್ತಾವದ ಜೊತೆಗೆ ಆ ನಿಲ್ದಾಣದ ಸುತ್ತಲಿನ ದಾರಿಗಳ ಪಟ್ಟಿಯೂ ಇರಬೇಕು. ಯಾವ ಗೇಟಿನಿಂದ ಯಾವ ಊರಿಗೆ, ಯಾವ ಸೇತುವೆ ಎಷ್ಟು ಟನ್ ತಾಳುತ್ತದೆ, ಯಾವ ತಿರುವಿನಲ್ಲಿ ಆರು ಚಕ್ರದ ಗಾಡಿ ತಿರುಗುತ್ತದೆ. ಎರಡು ವರ್ಷಕ್ಕೊಮ್ಮೆ ನಿಲ್ದಾಣಗಳು ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ಮಾಡಲೇಬೇಕು. ಅದನ್ನು ಒಮ್ಮೆಯಾದರೂ ಬೇಲಿಯ ಆಚೆ, ಮಳೆಗಾಲದಲ್ಲಿ, ಊರಿನವರನ್ನೂ ಜಿಲ್ಲೆಯ ಅಗ್ನಿಶಾಮಕ ದಳವನ್ನೂ ಸೇರಿಸಿಕೊಂಡು ಮಾಡಿ ನೋಡಲಿ. ಗಡಿಯಾರ ಏನು ತೋರಿಸುತ್ತದೋ ಅದನ್ನು ಹಾಗೆಯೇ ಬರೆದಿಡಲಿ.

ಕೇಳುಗರಲ್ಲಿ ಎರಡು ವಿನಂತಿ. ವಿಮಾನದಲ್ಲಿ ಹೋಗುವವರಿಗೆ ಒಂದು. ತುರ್ತಾಗಿ ಇಳಿಯಿರಿ ಎಂದಾಗ ಮೇಲಿನ ಬ್ಯಾಗಿಗೆ ಕೈ ಹಾಕಬೇಡಿ. ನಿಮ್ಮ ಹಿಂದಿನವರ ಸೆಕೆಂಡುಗಳು ಅಲ್ಲಿ ಖರ್ಚಾಗುತ್ತವೆ. ಇನ್ನೊಂದು ವಿಮಾನ ನಿಲ್ದಾಣದ ಪಕ್ಕದಲ್ಲಿ ವಾಸಿಸುವವರಿಗೆ. ಬಜ್ಪೆ ಇರಲಿ, ದೇವನಹಳ್ಳಿ ಇರಲಿ, ಬೆಳಗಾವಿಯ ಸಾಂಬ್ರಾ ಇರಲಿ, ಶಿವಮೊಗ್ಗದ ಸೋಗಾನೆ ಇರಲಿ. ನಿಲ್ದಾಣದ ಕಾಂಪೌಂಡಿನ ಪಕ್ಕ ಹೋಗುವಾಗ ಅಲ್ಲಲ್ಲಿ ಕ್ರ್ಯಾಶ್ ಗೇಟ್ ಎಂಬ ಫಲಕ ಮತ್ತು ಒಂದು ನಂಬರ್ ಕಾಣುತ್ತದೆ. ಬಹಳ ದಿನ ಮುಚ್ಚಿಯೇ ಇರುವುದರಿಂದ ಅದು ಯಾರಿಗೂ ಬೇಡದ ಗೇಟು ಎಂದು ತೋರಬಹುದು. ಅದರ ಎದುರು ಜಲ್ಲಿ, ಮರಳು ಸುರಿಯಬೇಡಿ. ಪೆಟ್ಟಿಗೆ ಅಂಗಡಿ ಇಡಬೇಡಿ. ಐದು ನಿಮಿಷಕ್ಕೆಂದರೂ ಗಾಡಿ ನಿಲ್ಲಿಸಬೇಡಿ. ಯಾರಾದರೂ ನಿಲ್ಲಿಸಿದ್ದು ಕಂಡರೆ ತೆಗೆಸಿ, ಇಲ್ಲವೇ ನಿಲ್ದಾಣದವರಿಗೆ ಫೋನ್ ಮಾಡಿ ತಿಳಿಸಿ.